ಪೆಡಲ್ ಮೇಲೆ ಮುರುಟಿದ ಕಾಲ್ಬೆರಳು

ಸೈಕಲ್ ಓಡಿಸುವಾಗ ಮೀನಖಂಡ ಹಿಡಿದುಕೊಂಡರೆ ಏನು ಮಾಡಬೇಕು ಅಂತ ಯಾರನ್ನು ಕೇಳಿದರೂ ಹೇಳುತ್ತಾರೆ. ತೊಡೆ ಹಿಡಿದುಕೊಂಡರೂ ಅಷ್ಟೇ. ಆದರೆ ಕಾಲ್ಬೆರಳು ಮುರುಟಿಕೊಂಡರೆ? ಅಂಗಾಲು ಒಳಗೊಳಗೇ ಹಿಂಡಿಕೊಂಡರೆ? ಇದರ ಬಗ್ಗೆ ಮಾತಾಡುವವರು ಕಮ್ಮಿ. ನನಗೆ ಬಹಳ ಕಾಲ ಈ ತೊಂದರೆ ಇತ್ತು, ಈಗ ಹೆಚ್ಚುಕಮ್ಮಿ ಹೋಗಿದೆ. ಅಷ್ಟೂ ದಿನ ಎಲ್ಲರೂ ನನ್ನ ನೀರಿನ ಬಾಟಲಿಯಲ್ಲಿ ಏನಿದೆ ಅಂತ ಕೇಳಿದರೇ ಹೊರತು, ಶೂ ಒಳಗೆ ಏನಾಗುತ್ತಿದೆ ಅಂತ ಕೇಳಲಿಲ್ಲ. ಅದಕ್ಕೇ ಇದನ್ನು ವಿವರವಾಗಿ ಬರೆಯಬೇಕು ಅನ್ನಿಸಿತು.

ನಾನಿರುವುದು ತುಮಕೂರಿನಲ್ಲಿ. ಭಾನುವಾರ ಬೆಳಗಾದರೆ ನಮ್ಮ ಗುಂಪು ಹೊರಡುವುದು ದೇವರಾಯನದುರ್ಗದ ಕಡೆಗೆ. ಕಾಡಿನ ದಾರಿಯಲ್ಲಿ ನಾಮದ ಚಿಲುಮೆ ದಾಟಿ ಬೆಟ್ಟಕ್ಕೆ ತಿರುಗುತ್ತೇವೆ. ಬೆಟ್ಟದ ಎತ್ತರ ಸುಮಾರು 1,200 ಮೀಟರ್. ತುಮಕೂರೇ ಸಮುದ್ರಮಟ್ಟದಿಂದ 800 ಮೀಟರಿಗಿಂತ ಮೇಲಿರುವುದರಿಂದ ಏರಬೇಕಾದ ಎತ್ತರ ಅಂಥ ಭಾರಿ ಏನಲ್ಲ. ಆದರೆ ಏರು ಕಡಿದು. ಕೆಳಗಿನ ಭೋಗನರಸಿಂಹನ ಗುಡಿಯಿಂದ ಮೇಲೆ ಯೋಗನರಸಿಂಹನ ಕಡೆಗೆ ಹೋಗುವಾಗ ಗೇರ್ ಎಲ್ಲ ಮುಗಿದು, ಬರೀ ಕಾಲಿನ ಬಲದಲ್ಲಿ ಪೆಡಲ್ ಒತ್ತಬೇಕಾಗುತ್ತದೆ.

ಅಲ್ಲೇ ಶುರುವಾಗುತ್ತಿತ್ತು. ಮೊದಲು ಬಲಗಾಲಿನ ಅಂಗಾಲಿನಲ್ಲಿ, ಕಮಾನಿನ ಹತ್ತಿರ, ಯಾರೋ ಒಂದು ದಾರವನ್ನು ಎಳೆದಂತೆ. ಆಮೇಲೆ ಎರಡನೇ ಬೆರಳು ತಾನಾಗಿಯೇ ಮಡಚಿಕೊಂಡು ಹೆಬ್ಬೆರಳಿನ ಕೆಳಗೆ ಸೇರಿಕೊಳ್ಳುತ್ತಿತ್ತು. ಶೂ ಒಳಗಿರುವುದರಿಂದ ಬಿಡಿಸಲು ಆಗುವುದಿಲ್ಲ. ಮುಂದಕ್ಕೆ ಒತ್ತಿದರೆ ಜಾಸ್ತಿ, ಒತ್ತದಿದ್ದರೆ ಸೈಕಲ್ ನಿಲ್ಲುತ್ತದೆ. ನನ್ನ ಶೂ ಪೆಡಲಿಗೆ ಕ್ಲಿಪ್ ಆಗಿ ಕಚ್ಚಿಕೊಂಡಿರುತ್ತದೆ. ಆ ಕ್ಲಿಪ್ ಬಿಡಿಸಬೇಕೆಂದರೆ ಹಿಮ್ಮಡಿಯನ್ನು ಹೊರಕ್ಕೆ ತಿರುಗಿಸಬೇಕು, ತಿರುಗಿಸಿದ ಕೂಡಲೇ ಇಡೀ ಪಾದ ಸೆಟೆದುಕೊಳ್ಳುತ್ತಿತ್ತು. ರಸ್ತೆ ಬದಿ ಕೂತು, ಹಲ್ಲು ಕಚ್ಚಿ, ಶೂ ಕಳಚಿ, ಸಾಕ್ಸ್ ತೆಗೆದು ನೋಡಿದರೆ ಬೆರಳುಗಳು ಒಂದರ ಮೇಲೊಂದು ಹತ್ತಿ ಕೂತಿರುತ್ತಿದ್ದವು. ಕೈಯಿಂದ ಹಿಡಿದು ನೇರ ಮಾಡಿದರೆ ನೇರವಾಗುತ್ತವೆ, ಬಿಟ್ಟ ತಕ್ಷಣ ಮತ್ತೆ ಮಡಚುತ್ತವೆ. ಕೆಲವು ನಿಮಿಷ ಹೀಗೆ.

ಗುಂಪಿನಲ್ಲಿ ಮೊದಲು ಬಂದ ಸಲಹೆ ಉಪ್ಪು. “ಅಕ್ಕ, ನೀವು ಬರೀ ನೀರು ಕುಡೀತೀರ, ಅದಕ್ಕೇ ಹೀಗಾಗೋದು” ಅಂದ ಒಬ್ಬ ತಮ್ಮ. ಇನ್ನೊಬ್ಬರು ಬಾಳೆಹಣ್ಣು ಅಂದರು. ಮತ್ತೊಬ್ಬರು ಎಳನೀರು, ಇನ್ನು ಕೆಲವರು ಮೆಗ್ನೀಸಿಯಂ ಮಾತ್ರೆ. ಎಲ್ಲರದ್ದೂ ಕಾಳಜಿಯ ಮಾತೇ. ನಾನೂ ಶ್ರದ್ಧೆಯಿಂದ ಮಾಡಿದೆ. ಬಾಟಲಿಗೆ ಓಆರ್‌ಎಸ್ ಬೆರೆಸಿದೆ. ವಿಶ್ವ ಆರೋಗ್ಯ ಸಂಸ್ಥೆಯ ಈಗಿನ ಸೂತ್ರದಲ್ಲಿ ಒಂದು ಲೀಟರಿಗೆ 2.6 ಗ್ರಾಂ ಉಪ್ಪು, 13.5 ಗ್ರಾಂ ಗ್ಲೂಕೋಸ್, 1.5 ಗ್ರಾಂ ಪೊಟ್ಯಾಸಿಯಂ ಕ್ಲೋರೈಡ್, 2.9 ಗ್ರಾಂ ಸಿಟ್ರೇಟ್ ಇರುತ್ತದೆ. ಬಿಸಿಲಿನಲ್ಲಿ ಗಂಟೆಗಟ್ಟಲೆ ಬೆವರಿದಾಗ ಇದು ಒಳ್ಳೆಯದೇ, ಸುಸ್ತು ಖಂಡಿತ ಕಮ್ಮಿಯಾಯಿತು. ಬೆರಳು ಮಾತ್ರ ಅದೇ ತಿರುವಿನಲ್ಲಿ, ಅದೇ ಕಾಲಿನಲ್ಲಿ ಮುರುಟಿಕೊಳ್ಳುತ್ತಲೇ ಇತ್ತು.

ಆಗ ಒಂದು ಪ್ರಶ್ನೆ ಹುಟ್ಟಿತು. ಉಪ್ಪು ಕಮ್ಮಿಯಾದರೆ ರಕ್ತದಲ್ಲಿ ಕಮ್ಮಿಯಾಗಬೇಕು. ರಕ್ತ ಮೈಯೆಲ್ಲ ಹರಿಯುತ್ತದೆ. ಹಾಗಿದ್ದರೆ ಬಲಗಾಲಿನ ಎರಡನೇ ಬೆರಳಿಗೆ ಮಾತ್ರ ಯಾಕೆ ತೊಂದರೆ? ಎಡಗಾಲು ಯಾಕೆ ಸುಮ್ಮನಿದೆ? ಕೈಬೆರಳು ಯಾಕೆ ಮುರುಟುವುದಿಲ್ಲ?

ಈ ಪ್ರಶ್ನೆ ಹಿಡಿದು ಓದುತ್ತಾ ಹೋದಾಗ, ಇದು ನನ್ನೊಬ್ಬಳ ಅನುಮಾನ ಅಲ್ಲ ಅಂತ ಗೊತ್ತಾಯಿತು. ಉಪ್ಪಿನ ವಾದಕ್ಕೆ ಹಳೆಯ ಬೇರಿದೆ. 1920ರ ದಶಕದಲ್ಲಿ ಬ್ರಿಟನ್ನಿನ ಕಲ್ಲಿದ್ದಲ ಗಣಿಗಳಲ್ಲಿ, ವಿಪರೀತ ಸೆಕೆಯಲ್ಲಿ ದುಡಿಯುವವರಿಗೆ ಕೈಕಾಲು ಹೊಟ್ಟೆಯೆಲ್ಲ ಸೆಟೆದುಕೊಳ್ಳುತ್ತಿತ್ತು. ಉಪ್ಪು ಬೆರೆಸಿದ ನೀರು ಕೊಟ್ಟಾಗ ಅದು ಕಡಿಮೆಯಾಯಿತು. ಅದು ನಿಜ, ಇವತ್ತಿಗೂ ನಿಜ. ಆದರೆ ಓಟಗಾರರು, ಸೈಕಲ್ ಸವಾರರ ಸೆಳೆತ ಎಲ್ಲವೂ ಅದೇ ಜಾತಿಯದಲ್ಲ. ದಕ್ಷಿಣ ಆಫ್ರಿಕಾದ ಮಾರ್ಟಿನ್ ಶ್ವೆಲ್‌ನಸ್ ಮತ್ತು ಜೊತೆಗಾರರು ಈಜು, ಸೈಕಲ್, ಓಟ ಮೂರನ್ನೂ ಒಂದೇ ದಿನ ಮುಗಿಸುವ 210 ಮಂದಿ ಐರನ್‌ಮ್ಯಾನ್ ಸ್ಪರ್ಧಿಗಳನ್ನು ಪರೀಕ್ಷಿಸಿ 2011ರಲ್ಲಿ ಪ್ರಕಟಿಸಿದ ಅಧ್ಯಯನ ಇದೆ. ಸೆಳೆತ ಬಂದವರಿಗೂ ಬರದವರಿಗೂ ನೀರಿನ ಕೊರತೆಯಲ್ಲಾಗಲಿ ರಕ್ತದ ಸೋಡಿಯಂನಲ್ಲಾಗಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಸಿಗಲಿಲ್ಲ. ಹೆಚ್ಚು ವೇಗವಾಗಿ ಹೋದವರಿಗೆ, ಹಿಂದೆ ಸೆಳೆತ ಬಂದಿದ್ದವರಿಗೆ ಅದು ಜಾಸ್ತಿ ಬಂದಿತ್ತು. ಅಂದರೆ ಸ್ನಾಯುವಿನ ದಣಿವೇ ದೊಡ್ಡ ಕಾರಣ ಅನ್ನುವುದು ಅವರ ವಾದ. ದಣಿದ ಸ್ನಾಯುವಿಗೆ ಬಿಗಿಯಾಗು ಅನ್ನುವ ನರದ ಆಜ್ಞೆ ಹೆಚ್ಚಾಗುತ್ತದೆ, ಸಡಿಲವಾಗು ಅನ್ನುವುದು ಕಡಿಮೆಯಾಗುತ್ತದೆ. ಸ್ನಾಯು ಮೊದಲೇ ಕುಗ್ಗಿದ ಸ್ಥಿತಿಯಲ್ಲಿ ದುಡಿಯುತ್ತಿದ್ದರೆ ಅದು ಇನ್ನೂ ಬೇಗ ಬರುತ್ತದೆ.

ಕುಗ್ಗಿದ ಸ್ಥಿತಿಯಲ್ಲಿ ದುಡಿಯುವುದು. ಈ ಮಾತು ತಲೆಯಲ್ಲಿ ಕೂತುಬಿಟ್ಟಿತು. ಸೈಕಲ್ ತುಳಿಯುವುದು ತೊಡೆ, ಪೃಷ್ಠ, ಮೀನಖಂಡ. ಬೆರಳಿಗೆ ಅಲ್ಲಿ ಏನು ಕೆಲಸ? ಅದು ಯಾಕೆ ದಣಿಯಬೇಕು?

ಮುಂದಿನ ಸವಾರಿಗಳಲ್ಲಿ ಪಾದದ ಮೇಲೆ ಗಮನ ಇಟ್ಟೆ. ಇದು ಹೇಳಿದಷ್ಟು ಸುಲಭ ಅಲ್ಲ. ಏರಿನಲ್ಲಿ ಉಸಿರು, ರಸ್ತೆ, ಎದುರು ಬರುವ ಬಸ್ಸು, ಇದರ ನಡುವೆ ಬೆರಳು ಏನು ಮಾಡುತ್ತಿದೆ ಅಂತ ಯಾರಿಗೆ ಗೊತ್ತಾಗುತ್ತದೆ? ಆದರೂ ಪ್ರತಿ ಮೈಲಿಗಲ್ಲಿಗೊಮ್ಮೆ ನೆನಪು ಮಾಡಿಕೊಂಡು ನೋಡಿದೆ. ಪ್ರತಿ ಸಲವೂ ಬಲಗಾಲಿನ ಬೆರಳುಗಳು ಶೂ ಒಳಗೆ ಕೆಳಮುಖವಾಗಿ ಮಡಚಿಕೊಂಡು ಅಡಿಹಾಳೆಯನ್ನು ಗಟ್ಟಿಯಾಗಿ ಹಿಡಿದಿರುತ್ತಿದ್ದವು. ಸಮತಟ್ಟಿನಲ್ಲೂ ಸ್ವಲ್ಪ ಹಿಡಿತ, ಏರಿನಲ್ಲಿ ಪೂರ್ತಿ ಮುಷ್ಟಿ. ಬಿಡಿಸಿದರೆ ಬಿಡುತ್ತಿದ್ದವು, ಗಮನ ತಪ್ಪಿದ ಕೂಡಲೇ ಮತ್ತೆ ಹಿಡಿಯುತ್ತಿದ್ದವು. ಇನ್ನೊಂದು ವಿಷಯವೂ ಕಂಡಿತು. ಬೆಳಿಗ್ಗೆ ತಂಪಿನಲ್ಲಿ ಶುರುವಿನ ಗಂಟೆ ಏನೂ ಇಲ್ಲ. ಬಿಸಿಲೇರಿ ಪಾದ ಊದಿಕೊಂಡ ಮೇಲೆ ಜಾಸ್ತಿ.

ಇಷ್ಟು ಬರೆದುಕೊಂಡು, ನಮ್ಮೂರಿನಲ್ಲೇ ಒಬ್ಬ ಫಿಸಿಯೋಥೆರಪಿಸ್ಟ್ ಹತ್ತಿರ ಹೋದೆ. ಅವರು ಸೈಕಲ್ ಸವಾರರಲ್ಲ, ಬ್ಯಾಡ್ಮಿಂಟನ್ ಆಡುವವರು. ನನ್ನ ಕಥೆಯೆಲ್ಲ ಕೇಳಿದ ಮೇಲೆ ಅವರು ಕೇಳಿದ ಮೊದಲ ಪ್ರಶ್ನೆ, “ಶೂ ತಂದಿದ್ದೀರಾ ಮೇಡಂ?”

ತಂದಿದ್ದೆ. ಒಂದು ಬಿಳಿ ಹಾಳೆ ನೆಲದ ಮೇಲೆ ಹಾಕಿ ನನ್ನನ್ನು ಅದರ ಮೇಲೆ ನಿಲ್ಲಿಸಿದರು. ಎರಡೂ ಕಾಲಿಗೆ ಸಮ ಭಾರ ಹಾಕಿ ಅಂದರು. ಪೆನ್ಸಿಲನ್ನು ನೇರವಾಗಿ ಹಿಡಿದು ಪಾದದ ಸುತ್ತ ಗೆರೆ ಎಳೆದರು. ಆಮೇಲೆ ಶೂ ಒಳಗಿನ ಅಡಿಹಾಳೆಯನ್ನು ಹೊರಗೆಳೆದು ಆ ಚಿತ್ರದ ಮೇಲೆ ಇಟ್ಟರು. ಉದ್ದ ಸರಿಯಾಗಿಯೇ ಇತ್ತು, ಹೆಬ್ಬೆರಳಿನ ಮುಂದೆ ಜಾಗವೂ ಇತ್ತು. ಆದರೆ ಅಗಲದಲ್ಲಿ ಕಿರುಬೆರಳಿನ ಬುಡ ಅಡಿಹಾಳೆಯಿಂದ ಹೊರಗೆ ಚಾಚಿಕೊಂಡಿತ್ತು. ಸ್ಕೇಲ್ ಇಟ್ಟು ಅಳೆದರು. ಬಲಗಾಲಿನಲ್ಲಿ 7 ಮಿ.ಮೀ., ಎಡಗಾಲಿನಲ್ಲಿ 4. ಅಡಿಹಾಳೆಯ ಮೇಲೆ ಬೆವರಿನಿಂದ ಮೂಡಿದ ಕಪ್ಪು ಗುರುತುಗಳನ್ನೂ ತೋರಿಸಿದರು. ಎಡಗಾಲಿನದರಲ್ಲಿ ಐದು ಬೆರಳಿನ ಗುರುತು ಬೇರೆಬೇರೆ ಕಾಣುತ್ತಿತ್ತು. ಬಲಗಾಲಿನದರಲ್ಲಿ ಹೆಬ್ಬೆರಳಿನ ಪಕ್ಕ ಒಂದೇ ಒಂದು ಆಳವಾದ ಗುಳಿ, ಮಡಚಿದ ಬೆರಳ ತುದಿ ಉಜ್ಜಿ ಉಜ್ಜಿ ಆದದ್ದು.

“ಎರಡು ಕಡೆಯಿಂದ ಒತ್ತಿದಾಗ ಬೆರಳು ಹರಡೋಕೆ ಆಗಲ್ಲ. ಹರಡದಿದ್ರೆ ಪಾದಕ್ಕೆ ಆಧಾರ ಸಿಗಲ್ಲ. ಆಧಾರ ಸಿಗದಿದ್ರೆ ಅದು ಹಿಡ್ಕೊಳ್ಳುತ್ತೆ, ಅಲ್ವಾ?” ಅಂದರು. ಆಮೇಲೆ ನಾನು ಮನೆಯಲ್ಲಿ ಯಾವ ಚಪ್ಪಲಿ ಹಾಕುತ್ತೇನೆ ಅಂತ ಕೇಳಿದರು. ಹವಾಯಿ ಚಪ್ಪಲಿ, ಚಿಕ್ಕಂದಿನಿಂದ. ಅದು ಕಾಲಿನಿಂದ ಜಾರದಿರಲಿ ಅಂತ ನಾವು ಹೆಜ್ಜೆಹೆಜ್ಜೆಗೂ ಬೆರಳು ಬಿಗಿಹಿಡಿಯುತ್ತೇವೆ. ಆ ಅಭ್ಯಾಸ ಶೂ ಒಳಗೂ ಬಂದಿರಬಹುದು ಅನ್ನುವುದು ಅವರ ಊಹೆ. ನನಗೂ ಹೌದು ಅನ್ನಿಸಿತು. ನಮ್ಮ ಕಡೆ ಬರಿಗಾಲು, ಚಪ್ಪಲಿಯಲ್ಲಿ ಬೆಳೆದವರ ಪಾದ ಮುಂದೆ ಅಗಲವಾಗಿರುವುದು ಸಾಮಾನ್ಯ. ಸೈಕಲ್ ಶೂ ಬಹುಪಾಲು ಮುಂದೆ ಕಿರಿದಾಗುತ್ತಾ ಹೋಗುತ್ತದೆ. ಮಾಮೂಲಿ ಓಡುವ ಶೂ ಆದರೆ ಬಟ್ಟೆ ಸ್ವಲ್ಪ ಹಿಗ್ಗುತ್ತದೆ. ಸೈಕಲ್ ಶೂನ ತಳ ಗಟ್ಟಿ, ಪಕ್ಕವೂ ಗಟ್ಟಿ.

ಅವರು ಇನ್ನೊಂದನ್ನೂ ಬಿಡಿಸಿ ಹೇಳಿದರು, ಇದು ಎಲ್ಲರಿಗೂ ಗೊತ್ತಿರಬೇಕು. ಬೆರಳು ಮುರುಟುವುದು ಬೇರೆ, ಬೆರಳು ಜೋಮು ಹಿಡಿಯುವುದು ಬೇರೆ, ಬೆರಳ ಬುಡದಲ್ಲಿ ಬೆಂಕಿ ಇಟ್ಟಂತೆ ಉರಿಯುವುದು ಬೇರೆ. ಜೋಮು, ಉರಿ ಬಂದರೆ ಬೆರಳಿನ ಬುಡದ ಮೂಳೆಗಳ ನಡುವೆ ಹಾದುಹೋಗುವ ನರ ಒತ್ತಿಹೋಗುತ್ತಿದೆ ಅಂತ. ಹಾಗೇ ಬಿಟ್ಟರೆ ಮೂರನೇ ಮತ್ತು ನಾಲ್ಕನೇ ಬೆರಳಿನ ನಡುವಿನ ನರ ದಪ್ಪವಾಗುವುದೂ ಉಂಟು, ಅದಕ್ಕೆ ಮಾರ್ಟನ್ಸ್ ನ್ಯೂರೋಮಾ ಅನ್ನುತ್ತಾರೆ. ಮೂರೂ ತೊಂದರೆಗೆ ಇಕ್ಕಟ್ಟಾದ ಶೂ ಕಾರಣವಾಗಬಹುದು, ಆದರೆ ಸವಾರಿ ಮುಗಿದ ಮೇಲೂ ಜೋಮು ಹೋಗದಿದ್ದರೆ ಡಾಕ್ಟರಿಗೆ ತೋರಿಸಲೇಬೇಕು. ಸಕ್ಕರೆ ಕಾಯಿಲೆ ಇರುವವರು ಕಾಯುವುದೇ ಬೇಡ. ಕೊಲೆಸ್ಟರಾಲಿಗೆ ಕೊಡುವ ಸ್ಟ್ಯಾಟಿನ್, ಮೂತ್ರ ಹೆಚ್ಚಿಸುವ ಮಾತ್ರೆ ತೆಗೆದುಕೊಳ್ಳುವವರಿಗೂ ಸೆಳೆತ ಬರುವುದುಂಟು. ನನಗೆ ಅದ್ಯಾವುದೂ ಇರಲಿಲ್ಲ.

ಹೊಸ ಶೂ ಕೊಳ್ಳುವ ಮೊದಲು ಇದ್ದ ಶೂನಲ್ಲೇ ಏನು ಮಾಡಬಹುದು ನೋಡಿದೆ. ನನ್ನ ಶೂಗೆ ಮೂರು ಪಟ್ಟಿ. ಬೆರಳಿಗೆ ಹತ್ತಿರದ ಪಟ್ಟಿಯನ್ನು ಪೂರ್ತಿ ಸಡಿಲ ಬಿಟ್ಟು, ಕಣಕಾಲಿನ ಹತ್ತಿರದ ಪಟ್ಟಿಯನ್ನು ಮಾತ್ರ ಹಿತವಾಗಿ ಬಿಗಿದೆ. ದಪ್ಪ ಸಾಕ್ಸ್ ಬಿಟ್ಟು ತೆಳು ಸಾಕ್ಸ್ ಹಾಕಿದೆ. ಹೊರಟ ಒಂದು ಗಂಟೆಗೆ ಬರುತ್ತಿದ್ದ ಸೆಳೆತ ಎರಡು ಗಂಟೆಯಾದ ಮೇಲೆ ಬರತೊಡಗಿತು. ದುಡ್ಡಿಲ್ಲದೆ ಆದ ಈ ಬದಲಾವಣೆಯೇ ದಾರಿ ಸರಿ ಇದೆ ಅಂತ ಧೈರ್ಯ ಕೊಟ್ಟಿತು.

ಶೂ ಹುಡುಕಲು ಬೆಂಗಳೂರಿಗೆ ಹೋದಾಗ ಬೇಕೆಂದೇ ಸಂಜೆ ಹೋದೆ. ದಿನವಿಡೀ ನಿಂತು ನಡೆದ ಪಾದ ಸಂಜೆಗೆ ಊದಿರುತ್ತದೆ, ಸವಾರಿಯ ಮೂರನೇ ಗಂಟೆಯ ಪಾದಕ್ಕೆ ಅದು ಹತ್ತಿರ. ಜೇಬಿನಲ್ಲಿ ಪಾದದ ಚಿತ್ರ ಇಟ್ಟುಕೊಂಡಿದ್ದೆ. ಪ್ರತಿ ಶೂನ ಅಡಿಹಾಳೆ ತೆಗೆಸಿ ಚಿತ್ರದ ಮೇಲೆ ಇಟ್ಟು ನೋಡಿದೆ. ಒಂದು ಅಂಗಡಿಯವರು ಒಂದು ಸೈಜ್ ದೊಡ್ಡದು ತೊಗೊಳ್ಳಿ ಅಂದರು. ಅದರಿಂದ ಉದ್ದ ಸಿಗುತ್ತದೆ, ಅಗಲ ಅಷ್ಟಾಗಿ ಸಿಗುವುದಿಲ್ಲ. ಹಿಮ್ಮಡಿ ಎದ್ದು ಬರುತ್ತದೆ, ಅದನ್ನು ಹಿಡಿಯಲು ಬೆರಳು ಮತ್ತೆ ಮಡಚುತ್ತದೆ. ಅಗಲ ಪಾದಕ್ಕೆಂದೇ ಬೇರೆ ಅಚ್ಚಿನಲ್ಲಿ ಮಾಡಿದ ಶೂಗಳಿವೆ. ಶಿಮಾನೋ ಕಂಪನಿ ಕೆಲವು ಮಾದರಿಗಳನ್ನು ವೈಡ್ ಅಂತಲೇ ತರುತ್ತದೆ. ಎಲ್ಲ ಅಂಗಡಿಯಲ್ಲೂ ಇಟ್ಟಿರುವುದಿಲ್ಲ, ಹೇಳಿ ತರಿಸಬೇಕಾಗುತ್ತದೆ. ನಾನೂ ಹಾಗೇ ತರಿಸಿಕೊಂಡೆ. ಹಾಕಿಕೊಂಡು ನಿಂತಾಗ ಐದೂ ಬೆರಳು ಅಲ್ಲಾಡಬೇಕು, ಹಿಮ್ಮಡಿ ಮಾತ್ರ ಅಲ್ಲಾಡಬಾರದು. ಇಷ್ಟೇ ಪರೀಕ್ಷೆ.

ಅಡಿಹಾಳೆಯನ್ನೂ ಬದಲಾಯಿಸಿದೆ. ಶೂ ಜೊತೆ ಬರುವುದು ಸಾಮಾನ್ಯವಾಗಿ ತೆಳುವಾದ ಚಪ್ಪಟೆ ಹಾಳೆ. ಅಂಗಾಲಿನ ಕಮಾನಿನ ಕೆಳಗೆ ಏನೂ ಇಲ್ಲದಿದ್ದರೆ ಪ್ರತಿ ತುಳಿತಕ್ಕೂ ಕಮಾನು ಕುಸಿಯುತ್ತದೆ. ಅದನ್ನು ಎತ್ತಿ ಹಿಡಿಯುವ ಸಣ್ಣ ಸ್ನಾಯುಗಳು ದಣಿಯುತ್ತವೆ. ಕಮಾನಿಗೆ ಸ್ವಲ್ಪ ಆಧಾರ ಇರುವ ಅಡಿಹಾಳೆ ಹಾಕಿದ ಮೇಲೆ ಅಂಗಾಲಿನ ಹಿಂಡುವಿಕೆ ಬಹಳ ಕಮ್ಮಿಯಾಯಿತು. ಇಲ್ಲಿ ಒಂದು ಎಚ್ಚರಿಕೆ. ತುಂಬ ಎತ್ತರದ ಕಮಾನು ಇರುವ ಹಾಳೆ ಹಾಕಿದರೆ ಅದೇ ಒತ್ತಿ ನೋಯುತ್ತದೆ. ದಪ್ಪ ಹಾಳೆ ಹಾಕಿದರೆ ಶೂ ಮೇಲ್ಭಾಗ ಇಕ್ಕಟ್ಟಾಗುತ್ತದೆ. ಮೊದಲು ಮನೆಯಲ್ಲಿ ಹಾಕಿ ಓಡಾಡಿ ನೋಡುವುದು ವಾಸಿ.

ಶೂ ಸರಿಯಾದ ಮೇಲೂ ಕಡಿದಾದ ಏರಿನಲ್ಲಿ ಒಮ್ಮೊಮ್ಮೆ ಬೆರಳು ಎಳೆಯುತ್ತಿತ್ತು. ಅದರ ಗುಟ್ಟು ತಿಳಿದದ್ದು ನಾಮದ ಚಿಲುಮೆಯ ಹತ್ತಿರ. ನಾನು ಶೂ ಬಿಚ್ಚಿ ಕೂತಿದ್ದಾಗ ಒಬ್ಬ ಹಿರಿಯರು ಹಳೆಯ ಕಪ್ಪು ಸೈಕಲ್ಲಿಗೆ ಎರಡು ಹಾಲಿನ ಕ್ಯಾನು ನೇತುಹಾಕಿಕೊಂಡು ಬಂದರು. ನನ್ನನ್ನು ಕಂಡು ನಿಲ್ಲಿಸಿದರು.

“ಏನಮ್ಮ, ಕಾಲು ಉಳುಕ್ತಾ?”

“ಇಲ್ಲ ಯಜಮಾನ್ರೇ, ಬೆರಳು ಹಿಡ್ಕೊಂಡಿದೆ.”

“ಚೂರು ಹೊತ್ತು ಕಾಲು ಚಾಚ್ಕೊಂಡು ಕೂತ್ಕೊಳ್ಳಿ, ಬಿಡುತ್ತೆ” ಅಂತ ಹೇಳಿ ಹೊರಟರು. ಅವರು ಹೋಗುವುದನ್ನೇ ನೋಡುತ್ತಿದ್ದೆ. ಕ್ಯಾನು ತುಂಬಿತ್ತು, ರಸ್ತೆ ಸ್ವಲ್ಪ ಏರು. ಅವರ ಪೆಡಲ್ ಇದ್ದದ್ದು ಪಾದದ ನಟ್ಟನಡುವೆ, ಕಮಾನಿನ ಕೆಳಗೆ. ಚಪ್ಪಲಿಯ ಮುಂಭಾಗ ಪೆಡಲಿನಿಂದ ಎಷ್ಟೋ ಮುಂದೆ ಗಾಳಿಯಲ್ಲಿತ್ತು. ಬೆರಳುಗಳು ಮೇಲೂ ಕೆಳಗೂ ಸುಮ್ನೆ ಆಡುತ್ತಿದ್ದವು. ಭಾರ ಹೊತ್ತು ಸೈಕಲ್ ತುಳಿಯುವವರನ್ನು ಆಮೇಲೆ ಎಲ್ಲಿ ಕಂಡರೂ ನೋಡಿದೆ. ಪೇಪರ್ ಹಾಕುವವರು, ಸೊಪ್ಪು ಮಾರುವವರು, ಬಹಳ ಜನ ಹಾಗೇ ತುಳಿಯುತ್ತಾರೆ.

ಶೂ ತಳದಲ್ಲಿ ಪೆಡಲಿಗೆ ಕಚ್ಚಿಕೊಳ್ಳುವ ತುಂಡಿಗೆ ಕ್ಲೀಟ್ ಅನ್ನುತ್ತಾರೆ. ನನ್ನ ಕ್ಲೀಟ್ ಎಲ್ಲಿತ್ತು? ಹೆಬ್ಬೆರಳಿನ ಬುಡದ ಉಬ್ಬಿಗೆ ನೇರ ಕೆಳಗೆ. ಅಂಗಡಿಗಳಲ್ಲಿ ಸಾಮಾನ್ಯವಾಗಿ ಅಲ್ಲೇ ಕೂರಿಸುತ್ತಾರೆ, ಹಳೆಯ ಪದ್ಧತಿ ಅದೇ. ವೇಗದ ಓಟಕ್ಕೆ ಅದು ಸರಿ ಇರಬಹುದು. ಆದರೆ ಪೆಡಲ್ ಮುಂದೆ ಇದ್ದಷ್ಟೂ ಹಿಮ್ಮಡಿ ಕುಸಿಯದಂತೆ ಮೀನಖಂಡ, ಅಂಗಾಲು, ಬೆರಳು ಎಲ್ಲವೂ ಬಿಗಿಹಿಡಿದಿರಬೇಕು. ಹಿಂದೆ ಸರಿಸಿದಷ್ಟೂ ಆ ಕೆಲಸ ಕಮ್ಮಿ. ದೂರದ ಸವಾರಿ ಮಾಡುವ ಎಷ್ಟೋ ಮಂದಿ ಕ್ಲೀಟನ್ನು ಕಿರುಬೆರಳಿನ ಬುಡದ ಮೂಳೆಯ ಕಡೆಗೆ, ಅಥವಾ ಅದಕ್ಕಿಂತಲೂ ಹಿಂದಕ್ಕೆ ಇಟ್ಟುಕೊಳ್ಳುತ್ತಾರೆ.

ಸರಿಸುವ ಕೆಲಸ ಮನೆಯಲ್ಲೇ ಮಾಡಿದೆ. ನನ್ನದು ಎರಡು ಬೋಲ್ಟಿನ ಎಸ್‌ಪಿಡಿ ಕ್ಲೀಟ್. ಬೋಲ್ಟಿನ ತಲೆಯಲ್ಲಿ ಕೆಂಪು ಮಣ್ಣು ಗಟ್ಟಿಯಾಗಿ ಕೂತಿತ್ತು. ಅದನ್ನು ಪಿನ್ನಿನಿಂದ ಕೆರೆದು ಪೂರ್ತಿ ತೆಗೆಯದೆ ಅಲೆನ್ ಕೀ ಹಾಕಿದರೆ ಬೋಲ್ಟಿನ ಮೂಲೆ ಸವೆದುಹೋಗುತ್ತದೆ. ತಿರುಗಿಸುವ ಮುಂಚೆ ಕ್ಲೀಟಿನ ಸುತ್ತ ಬಿಳಿ ಪೆನ್ನಿನಲ್ಲಿ ಗೆರೆ ಹಾಕಿಕೊಂಡೆ, ಬೇಡವಾದರೆ ಹಿಂದಿನ ಜಾಗಕ್ಕೇ ತರಲು. 4 ಮಿ.ಮೀ. ಅಲೆನ್ ಕೀಯಲ್ಲಿ ಸಡಿಲಿಸಿ, ಹಿಮ್ಮಡಿಯ ಕಡೆಗೆ 5 ಮಿ.ಮೀ. ಸರಿಸಿದೆ. ಕೋನ ಬದಲಾಗದಂತೆ ನೋಡಿಕೊಂಡೆ, ಕೋನ ತಪ್ಪಿದರೆ ಮಂಡಿ ನೋಯುತ್ತದೆ. ಬೋಲ್ಟಿನ ಸುರುಳಿ ಗೆರೆಗಳಿಗೆ ಗ್ರೀಸ್ ಹಚ್ಚಿ ಬಿಗಿದೆ. ಶಿಮಾನೋ ಹೇಳುವ ಬಿಗಿತ 5ರಿಂದ 6 ನ್ಯೂಟನ್ ಮೀಟರ್. ಕೆಲವು ಸವಾರಿ ಆದ ಮೇಲೆ ಇನ್ನೊಂದಿಷ್ಟು ಸರಿಸಿ, ಶೂನಲ್ಲಿರುವ ಸೀಳಿನ ಕೊನೆಯವರೆಗೆ ತಂದೆ.

ಕ್ಲೀಟ್ ಹಿಂದೆ ಹೋದರೆ ಕಾಲಿನ ಉದ್ದ ಸ್ವಲ್ಪ ಕಡಿಮೆ ಆದಂತೆ ಆಗುತ್ತದೆ. ಹಾಗಾಗಿ ಸೀಟನ್ನೂ ತುಸು ಇಳಿಸಬೇಕು. ನಾನು ಇಳಿಸಿದ್ದು 4 ಮಿ.ಮೀ. ಸೀಟ್ ಎತ್ತರವಾಗಿದ್ದರೆ ಪೆಡಲ್ ಕೆಳಗೆ ಹೋದಾಗ ಅದನ್ನು ಮುಟ್ಟಲು ಬೆರಳ ತುದಿ ಚಾಚಬೇಕಾಗುತ್ತದೆ, ಅಲ್ಲೂ ಅಂಗಾಲಿನ ಸ್ನಾಯು ಕುಗ್ಗಿದ ಸ್ಥಿತಿಯಲ್ಲೇ ದುಡಿಯುತ್ತದೆ. ಗೋಡೆಗೆ ಕೈಕೊಟ್ಟು ಸೈಕಲ್ ಮೇಲೆ ಕೂತು, ಹಿಮ್ಮಡಿಯನ್ನು ಪೆಡಲಿನ ಮೇಲೆ ಇಟ್ಟು ಕೆಳಗಿನ ತುದಿಗೆ ತಂದಾಗ ಮಂಡಿ ನೇರವಾಗಬೇಕು, ಸೊಂಟ ಓಲಬಾರದು. ಮನೆಯಲ್ಲಿ ನೋಡಿಕೊಳ್ಳಲು ಇದಕ್ಕಿಂತ ಸುಲಭದ ಅಳತೆ ನನಗೆ ಗೊತ್ತಿಲ್ಲ.

ಕ್ಲೀಟ್ ಸರಿಸಿದ ಮೇಲಿನ ಮೊದಲ ಬೆಟ್ಟ ಚೆನ್ನಾಗಿ ನೆನಪಿದೆ. ಎದ್ದು ನಿಂತು ತುಳಿಯುವಾಗ ಸ್ವಲ್ಪ ಮೊಂಡಾದಂತೆ ಅನ್ನಿಸಿತು, ಚಿಮ್ಮುವ ಬಲ ಕಮ್ಮಿ. ಆದರೆ ಕೂತು ತುಳಿಯುವಾಗ ಬಲವೆಲ್ಲ ತೊಡೆಯಿಂದ ಬರುತ್ತಿತ್ತು. ಯೋಗನರಸಿಂಹನ ಮೆಟ್ಟಿಲು ಶುರುವಾಗುವ ಜಾಗಕ್ಕೆ ಹೋಗಿ ಸೈಕಲ್ ಇಳಿದಾಗ ಬೆರಳು ಐದೂ ನೇರ ಇದ್ದವು. ಬಹಳ ಸಂತೋಷ ಆಯಿತು. ಗುಂಪಿನ ತಮ್ಮಂದಿರಿಗೆ ಶೂ ಬಿಚ್ಚಿ ತೋರಿಸಿದೆ.

ಉಳಿದದ್ದು ಅಭ್ಯಾಸದ ವಿಷಯ. ಏರಿನಲ್ಲಿ ದೊಡ್ಡ ಗೇರಿನಲ್ಲಿ ನಿಧಾನವಾಗಿ ತುಳಿಯುವುದು ನನ್ನ ಹಳೆಯ ರೂಢಿ. ಹಿಂದಿನ ಚಕ್ರಕ್ಕೆ 28 ಹಲ್ಲಿನ ಬದಲು 32 ಹಲ್ಲು ಇರುವ ಕ್ಯಾಸೆಟ್, ಅಂದರೆ ಗೇರಿನ ಹಲ್ಲುಚಕ್ರಗಳ ಗೊಂಚಲು, ಹಾಕಿಸಿದೆ. ಒಂದೊಂದು ತುಳಿತದ ಒತ್ತಡ ಇಳಿಯಿತು. ಪ್ರತಿ ಹತ್ತು ಹದಿನೈದು ನಿಮಿಷಕ್ಕೊಮ್ಮೆ ಬೆರಳುಗಳನ್ನು ಮೇಲಕ್ಕೆತ್ತಿ ಅಲ್ಲಾಡಿಸುತ್ತೇನೆ, ಹಿಮ್ಮಡಿಯನ್ನು ಸ್ವಲ್ಪ ಇಳಿಬಿಡುತ್ತೇನೆ. ಇಳಿಜಾರಿನಲ್ಲಿ ತುಳಿಯುವ ಕೆಲಸ ಇಲ್ಲ ಅಂತ ಪಾದವನ್ನು ಮರೆಯಬಾರದು. ಬ್ರೇಕ್ ಹಿಡಿದು ಇಳಿಯುವಾಗಲೇ ಬೆರಳು ಹೆಚ್ಚು ಮಡಚುವುದು, ಗಮನಿಸಿ ನೋಡಿ.

ಮನೆಯ ವ್ಯಾಯಾಮವೂ ಉಂಟು. ಹಾಲು ಉಕ್ಕುವವರೆಗೆ ಒಲೆ ಮುಂದೆ ಬರಿಗಾಲಲ್ಲಿ ನಿಂತಿರುತ್ತೇವಲ್ಲ, ಆಗಲೇ ಮಾಡುತ್ತೇನೆ. ಹೆಬ್ಬೆರಳನ್ನು ಮಾತ್ರ ಎತ್ತಿ ಉಳಿದ ನಾಲ್ಕನ್ನು ನೆಲಕ್ಕೆ ಊರುವುದು. ಆಮೇಲೆ ಹೆಬ್ಬೆರಳು ಊರಿ ನಾಲ್ಕನ್ನು ಎತ್ತುವುದು. ಶುರುವಿನಲ್ಲಿ ಬಲಗಾಲಿನ ಬೆರಳುಗಳಿಗೆ ನನ್ನ ಮಾತು ಕೇಳಿಸುತ್ತಲೇ ಇರಲಿಲ್ಲ, ಐದೂ ಒಟ್ಟಿಗೇ ಏಳುತ್ತಿದ್ದವು. ಇನ್ನೊಂದು, ಬೆರಳು ಮಡಚದೆ ಅಂಗಾಲಿನ ಮುಂಭಾಗವನ್ನು ಹಿಮ್ಮಡಿಯ ಕಡೆಗೆ ಎಳೆದು ಕಮಾನು ಎತ್ತುವುದು. ಮೆಟ್ಟಿಲ ಅಂಚಿನಲ್ಲಿ ನಿಂತು ಹಿಮ್ಮಡಿ ಏರಿಸಿ ಇಳಿಸುವುದು ಮೂರನೆಯದು. ದಿನಾ ಐದು ನಿಮಿಷ ಸಾಕು. ಫಲ ಕಾಣಲು ಮಾತ್ರ ವಾರಗಳು ಬೇಕು.

ಇಷ್ಟೆಲ್ಲ ಮಾಡಿದರೂ ದಾರಿಯಲ್ಲಿ ಸೆಳೆತ ಬಂದೇಬಿಟ್ಟರೆ? ಮೊದಲು ಪೆಡಲ್ ಒತ್ತುವುದು ನಿಲ್ಲಿಸಿ. ರಸ್ತೆಯಿಂದ ಬದಿಗೆ ಬಂದು, ನೋವಿಲ್ಲದ ಕಾಲಿನ ಕ್ಲಿಪ್ ಬಿಡಿಸಿ ಅದನ್ನು ಊರಿ. ಆಮೇಲೆ ಇನ್ನೊಂದು ಕಾಲನ್ನು ಬಿಡಿಸಿ, ಶೂ ಕಳಚಿ, ಬೆರಳುಗಳನ್ನು ಒಟ್ಟಾಗಿ ಹಿಡಿದು ಮೊಣಕಾಲಿನ ಕಡೆಗೆ ನಿಧಾನವಾಗಿ ಎಳೆದು ಹಿಡಿದಿರಿ. ಎಳೆದು ಬಿಟ್ಟು, ಎಳೆದು ಬಿಟ್ಟು ಮಾಡಬೇಡಿ. ಸೆಳೆತ ತಾನಾಗಿ ಸೋಲುವವರೆಗೆ ಹಿಡಿದಿರಬೇಕು. ಕೈಯ ಹೆಬ್ಬೆರಳಿನಿಂದ ಅಂಗಾಲಿನ ನಡುವೆ ಒತ್ತಿದರೂ ಒಳ್ಳೆಯದು. ಗುದ್ದುವುದು, ಕಾಲು ಝಾಡಿಸುವುದು ಬೇಡ. ಹೊರಡುವಾಗ ಮೊದಲ ಕೆಲವು ನಿಮಿಷ ಸಣ್ಣ ಗೇರಿನಲ್ಲಿ ಹೋಗಿ.

ಉಪ್ಪಿನಕಾಯಿ ನೀರಿನ ಬಗ್ಗೆಯೂ ಜನ ಕೇಳುತ್ತಾರೆ. ಅದು ಕಟ್ಟುಕಥೆ ಅಲ್ಲ. ಅಮೆರಿಕದ ಕೆವಿನ್ ಮಿಲ್ಲರ್ ಮತ್ತು ಸಂಗಡಿಗರು 2010ರಲ್ಲಿ ಪ್ರಕಟಿಸಿದ ಪ್ರಯೋಗ ನನಗೆ ಬಹಳ ಹತ್ತಿರದ್ದು ಅನ್ನಿಸಿತು, ಏಕೆಂದರೆ ಅವರು ಸೆಳೆತ ತರಿಸಿದ್ದು ಹೆಬ್ಬೆರಳನ್ನು ಮಡಚುವ ಅಂಗಾಲಿನ ಸ್ನಾಯುವಿಗೇ. ಕಾಲಿನ ನರಕ್ಕೆ ಸಣ್ಣ ವಿದ್ಯುತ್ ಕೊಟ್ಟು ಸೆಳೆತ ಬರಿಸಿ, ದೇಹತೂಕದ ಪ್ರತಿ ಕಿಲೋಗೆ 1 ಮಿ.ಲೀ. ಲೆಕ್ಕದಲ್ಲಿ ಸೌತೆ ಉಪ್ಪಿನಕಾಯಿಯ ಹುಳಿನೀರು ಕುಡಿಸಿದರು. ಬರೀ ನೀರು ಕುಡಿದಾಗಿನದಕ್ಕಿಂತ ಸುಮಾರು 49 ಸೆಕೆಂಡು ಬೇಗ ಸೆಳೆತ ಬಿಟ್ಟಿತು. ಅಷ್ಟು ಹೊತ್ತಿಗೆ ಉಪ್ಪು ರಕ್ತಕ್ಕೆ ಸೇರುವುದು ಸಾಧ್ಯವಿಲ್ಲ. ಬಾಯಿ, ಗಂಟಲಿಗೆ ಹುಳಿ ತಾಗಿದಾಗ ನರಗಳ ಮೂಲಕ ಸ್ನಾಯುವಿನ ಬಿಗಿತ ಇಳಿಯುತ್ತದೆ ಅನ್ನುವುದು ಅವರ ವಿವರಣೆ. ಅಲ್ಲಿನ ಉಪ್ಪಿನಕಾಯಿ ಅಂದರೆ ವಿನೆಗರಿನಲ್ಲಿ ನೆನೆಸಿದ ಮಿಡಿಸೌತೆ. ನಮ್ಮ ಎಣ್ಣೆ, ಖಾರದ ಮಾವಿನಕಾಯಿ ಉಪ್ಪಿನಕಾಯಿ ಅಲ್ಲ. ನಮ್ಮ ತುಮಕೂರು ಜಿಲ್ಲೆಯ ರೈತರೂ ಈ ಮಿಡಿಸೌತೆ ಬೆಳೆದು ಹೊರದೇಶಕ್ಕೆ ಕಳಿಸುತ್ತಾರೆ, ಆದರೆ ಆ ಹುಳಿನೀರು ನಮ್ಮ ಸವಾರರ ಚೀಲದಲ್ಲಿ ಕಾಣುವುದು ಅಪರೂಪ. ನಾನು ಒಂದು ಸಣ್ಣ ಸೀಸೆಯಲ್ಲಿ ಇಟ್ಟುಕೊಂಡಿರುತ್ತೇನೆ. ಅದು ಬಂದ ಸೆಳೆತವನ್ನು ಬಿಡಿಸಲು ಮಾತ್ರ. ಬರದಂತೆ ತಡೆಯುವುದು ಶೂ ಮತ್ತು ಕ್ಲೀಟಿನ ಕೆಲಸ.

ಈ ವರ್ಷ 200 ಕಿ.ಮೀ. ಬಿಆರ್‌ಎಂ ಮುಗಿಸಿದೆ. ಅದು ಗೊತ್ತುಪಡಿಸಿದ ಸಮಯದೊಳಗೆ ಮುಗಿಸಬೇಕಾದ ದೂರದ ಸವಾರಿ, ಇದಕ್ಕೆ ಇರುವ ಸಮಯ ಹದಿಮೂರೂವರೆ ಗಂಟೆ. ಹೆದ್ದಾರಿಯಲ್ಲಿ ಸೀಬಿ ದಾಟಿ ಹಿಂತಿರುಗುವಾಗ ಮಧ್ಯಾಹ್ನದ ಬಿಸಿಲಿಗೆ ಟಾರು ಕುದಿಯುತ್ತಿತ್ತು, ಎದುರುಗಾಳಿ ಬೇರೆ. ಬಲಗಾಲಿನ ಅಂಗಾಲಿನಲ್ಲಿ ಆ ಹಳೆಯ ಎಳೆತ ಶುರುವಾಯಿತು. ಒಂದು ಟೀ ಅಂಗಡಿಯಲ್ಲಿ ನಿಂತು ಎರಡೂ ಶೂ ಕಳಚಿ, ಕಾಲಿಗೆ ತಣ್ಣೀರು ಸುರಿದುಕೊಂಡು, ಒಂದು ಮಜ್ಜಿಗೆ ಕುಡಿದು ಕೂತೆ. ಹತ್ತು ನಿಮಿಷ ಹೋಯಿತು, ಹೋಗಲಿ. ಸಾಕ್ಸ್ ಬದಲಾಯಿಸಿ, ಮುಂದಿನ ಪಟ್ಟಿಯನ್ನು ಇನ್ನೊಂದು ಗೆರೆ ಸಡಿಲ ಮಾಡಿ ಹೊರಟೆ. ಎಳೆತ ಮುರುಟಿನವರೆಗೆ ಹೋಗಲಿಲ್ಲ. ಕತ್ತಲಾಗುವ ಮೊದಲೇ ಸವಾರಿಯ ಕಾರ್ಡಿಗೆ ಕೊನೆಯ ಸೀಲು ಬಿತ್ತು.

ಮುಂದೆ 300 ಕಿ.ಮೀ., 20 ಗಂಟೆ. ಅದರಲ್ಲಿ ರಾತ್ರಿಯ ಸವಾರಿ ಇರುತ್ತದೆ. ಚಳಿಗೆ ದಪ್ಪ ಸಾಕ್ಸ್ ಹಾಕೋಣ ಅಂದರೆ ಶೂ ಮತ್ತೆ ಇಕ್ಕಟ್ಟಾಗುತ್ತದೆ, ರಕ್ತ ಓಡದೆ ಬೆರಳು ಇನ್ನಷ್ಟು ತಣ್ಣಗಾಗುತ್ತದೆ. ಹಾಗಾಗಿ ಒಳಗೆ ತೆಳು ಸಾಕ್ಸ್, ಶೂ ಮೇಲೆ ಬಟ್ಟೆಯ ಕವರ್ ಹಾಕಿ ನೋಡುತ್ತಿದ್ದೇನೆ. ಡಿಸೆಂಬರಿನಲ್ಲಿ ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಗುಬ್ಬಿ ರಸ್ತೆಯಲ್ಲಿ ಅಭ್ಯಾಸ ನಡೆದಿದೆ.